ಆರಡಿ ಮೂರಡಿ ನೆಲಕ್ಕಾಗಿ ಬಂದವಳು

ಹೆಸ್ಟರ್ ದಕ್ಷಿಣ ಫ್ರಾನ್ಸಿನ ನಮ್ಮ ಬೆಟ್ಟದೂರಿಗೆ ಬಂದಾಗ ಅವಳಿಗೆ ಎಪ್ಪತ್ತು ದಾಟಿತ್ತು. ದಕ್ಷಿಣ ಆಫ್ರಿಕಾದ ಕೇಪ್ ಕಡೆಯವಳು, ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು.

"ಊರು ನೋಡೋಕೆ ಬಂದ್ರಾ?" ಎಂದು ಕೇಳಿದೆ.

"ಇಲ್ಲ ಓಡೆಟ್, ನಮ್ಮೋರ ಪಕ್ಕ ಮಲಗೋಕೆ ಬಂದೆ. ಮೊದ್ಲು ನಮ್ಮೋರು ಯಾರು ಅಂತ ಗೊತ್ತಾಗ್ಬೇಕು, ಅಷ್ಟೇ."

ಹ್ಯೂಗನಾಟರೆಂದು ಕರೆಸಿಕೊಂಡ ನಮ್ಮ ಪ್ರಾಟೆಸ್ಟಂಟ್ ಜನರ ಮತವನ್ನು ಮುನ್ನೂರು ವರ್ಷಗಳ ಹಿಂದೆ ರಾಜ ನಿಷೇಧಿಸಿದಾಗ ಅವಳ ಪೂರ್ವಜ ಈ ಕಣಿವೆಯಿಂದಲೇ ತಪ್ಪಿಸಿಕೊಂಡು ಹಡಗು ಹತ್ತಿದ್ದನಂತೆ. ಯಾವ ಮನೆಯವನೋ ಗೊತ್ತಿಲ್ಲ. ಹಳೆಯ ಕಡತಗಳೆಲ್ಲ ಸುಟ್ಟುಹೋಗಿವೆ. ಆ ಕಾಲದಲ್ಲಿ ನಮ್ಮ ಹೆಣಗಳಿಗೆ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಹಾಗಾಗಿ ಸ್ವಂತ ಹೊಲದಲ್ಲೇ ಹೂಳಿ, ಹೆಸರು ಬರೆಯದೆ, ಗುರುತಿಗೆ ಸೈಪ್ರೆಸ್ ಮರ ನೆಡುತ್ತಿದ್ದೆವು. ಈಗಲೂ ನಮ್ಮವರು ಮಲಗುವುದು ಮನೆತನದ ಹೊಲದಲ್ಲೇ. ಆ ಪೂರ್ವಜನ ಮನೆ ಸಿಗದಿದ್ದರೆ ಹೆಸ್ಟರಳಿಗೆ ಇಲ್ಲೂ ಪರದೇಶಿಯ ಗುಂಡಿಯೇ ಗತಿ.

ಅವಳು ಕೋಲೂರಿಕೊಂಡು ಪ್ರಾಟೆಸ್ಟಂಟರ ಮನೆಗಳನ್ನೆಲ್ಲ ತಟ್ಟಿದಳು. ಕೆಲವರು ಕಾಫಿ ಕೊಟ್ಟರು, ಕೆಲವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ದಿನವೂ ಊಟಕ್ಕೆ ಕೂತಾಗ ರೊಟ್ಟಿಯ ಮೊದಲ ಚೂರನ್ನು ಕಿಟಕಿಯ ಮೇಲಿಡುತ್ತಿದ್ದಳು. "ಊರಲ್ಲೇ ಉಳಿದ ಅಣ್ಣನಿಗೆ," ಅನ್ನುವುದು ಆ ಪೂರ್ವಜನ ಕಾಲದಿಂದ ಅವಳ ಮನೆಯಲ್ಲಿ ಬಂದ ಪದ್ಧತಿ. "ಇಲಿಗೆ ಅನ್ನು!" ಎಂದು ನನ್ನತ್ತೆ ನೊಯೆಮಿ ಗೊಣಗುತ್ತಿದ್ದಳು.

ಕೊನೆಗೆ ಉಳಿದದ್ದು ಮೇಲಿನ ದಿಬ್ಬದಲ್ಲಿ ಮೇಕೆ ಸಾಕಿಕೊಂಡು ಒಂಟಿಯಾಗಿದ್ದ ಫುಲ್ಕ್ರಾನನ ಮನೆ.

"ಅದು ಕ್ಯಾಥೊಲಿಕ್ಕರ ಮನೆ ಕಣಮ್ಮ! ನಮ್ಮೋರು ಯಾರೂ ಆ ಹೊಸಿಲು ತುಳಿಯಲ್ಲ. ಅಲ್ಲೇನಿರತ್ತೆ, ಮಣ್ಣು?" ಎಂದು ಅತ್ತೆ ರೇಗಿದಳು.

"ನನಗೆ ಬೇಕಿರೋದೂ ಮಣ್ಣೇ ಅಲ್ವಾ ಅಮ್ಮ," ಎಂದು ಹೆಸ್ಟರ್ ಕೋಲು ಕೈಗೆತ್ತಿಕೊಂಡಳು. ಈ ಮುದುಕಿಯ ಹಟ ಕಂಡು ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಜೊತೆಗೆ ಹೊರಟೆ.

ಫುಲ್ಕ್ರಾನ್ ಆಗಷ್ಟೇ ಸೂಪು ಬಡಿಸಿಕೊಳ್ಳುತ್ತಿದ್ದ. "ಬನ್ನಿ ಬನ್ನಿ, ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಕಾಯ್ತಿದ್ದೆ," ಎಂದು ನಕ್ಕ. ನಮ್ಮನ್ನು ಕೂರಿಸಿ ರೊಟ್ಟಿ ಕೊಯ್ದು, ಮೊದಲ ಚೂರನ್ನು ಕಿಟಕಿಯ ಮೇಲಿಟ್ಟ.

ಹೆಸ್ಟರ್ ತಟ್ಟನೆ ಎದ್ದು ನಿಂತಳು. "ಅದು ಯಾರಿಗೆ?"

"ಓಡಿಹೋದ ತಮ್ಮನಿಗೆ. ಅಜ್ಜಿ ಕಾಲದಿಂದ್ಲೂ ಇಡ್ತೀವಿ. ಯಾವ ತಮ್ಮನೋ, ಎಲ್ಲಿಗೆ ಹೋದ್ನೋ ಯಾರಿಗ್ಗೊತ್ತು! ಬೆಳಿಗ್ಗೆ ಕೋಳಿ ತಿಂದ್ಕೊಳತ್ತೆ."

ಹೆಸ್ಟರ್ ಕಿಟಕಿಯ ಹತ್ತಿರ ಹೋಗಿ ಆ ಚೂರನ್ನು ಮುಟ್ಟಿದಳು. ಅವಳು ನಮ್ಮ ಮನೆಯ ಕಿಟಕಿಯಲ್ಲಿಡುತ್ತಿದ್ದ ಅಣ್ಣನ ಚೂರಿನ ಸಂಗತಿಯನ್ನು ನಾನೇ ಹೇಳಿದೆ. ಫುಲ್ಕ್ರಾನ್ ಚಾಕು ಕೆಳಗಿಟ್ಟ.

"ಮನೆ ಉಳಿಸ್ಕೊಳ್ಳೋಕೆ ನಮ್ಮೋರು ಮತ ಬಿಟ್ರು ಅಂತ ಇವತ್ತಿಗೂ ನಿಮ್ಮೋರ ಕೈಲಿ ಬೈಸ್ಕೊಳ್ತೀವಿ. ನೀವೂ ಬೈದುಬಿಡಿ," ಎಂದ.

"ಬೈಯೋಕೆ ಇಷ್ಟು ದೂರ ಬರ್ಬೇಕಿತ್ತಾ? ಜಾಗ ಕೇಳೋಕೆ ಬಂದೀನಪ್ಪಾ."

ಅವನು ನಮ್ಮನ್ನು ಹಿತ್ತಲಿಗೆ ಕರೆದೊಯ್ದ. ಎರಡು ಮುದಿ ಸೈಪ್ರೆಸ್ ಮರಗಳು, ಒಂದೊಂದರ ಬುಡದಲ್ಲೂ ಕಲ್ಲಿಲ್ಲದ ಹಳೆಯ ದಿಬ್ಬ. ನಡುವೆ ಖಾಲಿ ನೆಲ.

"ಇವರಿಬ್ಬರ ಆಮೇಲೆ ನಮ್ಮೋರೆಲ್ಲ ಚರ್ಚಿನ ಸ್ಮಶಾನಕ್ಕೇ ಹೋದ್ರು. ಈ ನಡುವಿನ ಜಾಗ ಮಾತ್ರ ಮುಟ್ಟಬೇಡ, ಅದು ಆ ತಮ್ಮನದು ಅಂದಿದ್ಲು ಅಜ್ಜಿ. ಒಳ್ಳೇ ಮಣ್ಣು, ಆದ್ರೂ ಆಲೂಗಡ್ಡೆ ಸಹ ಹಾಕಿಲ್ಲ."

ಹೆಸ್ಟರ್ ಆ ನೆಲದಲ್ಲಿ ಕೋಲನ್ನು ಗಟ್ಟಿಯಾಗಿ ಊರಿ, ಅಲ್ಲೇ ಬಿಟ್ಟು, ನನ್ನ ಭುಜ ಹಿಡಿದು ಒಳಗೆ ಬಂದಳು. ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ನನಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಅದಕ್ಕೆ ಅವಸರ ಇಲ್ಲ ತಾನೇ? ಸೂಪು ಆರೋಗತ್ತೆ, ಕೂತ್ಕೊಳ್ಳಿ ಅಕ್ಕ," ಎಂದ ಫುಲ್ಕ್ರಾನ್, ಕಿಟಕಿಯ ಮೇಲಿನ ಚೂರನ್ನು ತೆಗೆದು ಅವಳ ತಟ್ಟೆಗಿಟ್ಟ.