ಸೋಲಲು ಬಿಡದ ಆಟ

“ಮತ್ತೆ ಗೆದ್ದೆನಾ?”

“ಗೆದ್ರಿ ಅಂಕಲ್! ಫುಲ್ ಮಾರ್ಕ್ಸ್!”

“ನಾನು ಫೋನು ಮುಟ್ಟೇ ಇಲ್ವಲ್ಲ ಕಣಮ್ಮ. ಅದ್ರ ಮ್ಯಾಲೆ ಕಾಫಿ ಲೋಟ ಇಟ್ಟಿವ್ನಿ.”

ಲ್ಯಾಪ್‌ಟಾಪಿನಲ್ಲಿ ಅಂಕ ನೋಡುತ್ತಿದ್ದ ಕಾಲೇಜು ಹುಡುಗಿ ವಾಣಿಶ್ರೀ ತಲೆಯೆತ್ತಿ ನೋಡಿದಳು. ಹೌದು, ಲೋಟವೇ. ಅವಳು ಕಲ್ಯಾಣದುರ್ಗದಿಂದ ಹಿಂದೂಪುರದ ನೇಕಾರ ತಿರುಮಲೇಶನ ಮನೆಗೆ ಬಂದಿದ್ದೇ ಈ ಆಟ ಆಡಿಸಲು. ಕಣ್ಣು ಕಾಣದವರಿಗೆಂದು ಅವಳ ತಂಡ ಮಾಡಿದ್ದು: ಇಯರ್‌ಫೋನಿನಲ್ಲಿ ಮಗ್ಗ ಲಟಪಟ ಎನ್ನುತ್ತದೆ, ಎಳೆ ಕಡಿದ ಕಡೆಯ ಕಿವಿಗೆ ‘ಟಕ್’ ಎಂದು ಕೇಳಿಸುತ್ತದೆ, ಬೆರಳು ಪರದೆಯಲ್ಲಿ ಆ ಎಳೆಗೆ ತಾಗಿದರೆ ಫೋನು ನಡುಗುತ್ತದೆ. ತಾಗದಿದ್ದರೆ? ಮೂರು ಸೆಕೆಂಡಿಗೆ ಎಳೆ ತಾನೇ ಕೂಡಿಕೊಂಡು, ಚಪ್ಪಾಳೆ! ಎಸಿ ಹಾಲಿನ ಕಾರ್ಯಾಗಾರದಲ್ಲಿ ತಂಡದವರೆಲ್ಲ ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು, ಹತ್ತು ನಿಮಿಷ ತಡವರಿಸಿ, ಅತ್ತು, ಸಮೋಸ ತಿಂದು, ‘ಅಂಧರ ಮನಸ್ಸು ನೋಯಬಾರದು’ ಎಂದು ತೀರ್ಮಾನಿಸಿದ್ದರು.

ತಿರುಮಲೇಶನಿಗೆ ಈ ಚಪ್ಪಾಳೆ ಹೊಸದಲ್ಲ. ಮೂವತ್ತೆರಡಕ್ಕೆ ಕಣ್ಣು ಹೋದ ಮೇಲೆ ಅಂಗಿ ಗುಂಡಿ ಹಾಕಿಕೊಂಡರೂ ಹೊಗಳಿಕೆ. ರಸ್ತೆ ದಾಟಿದ್ದಕ್ಕೆ ಯಾರೋ ಶಾಲು ಹೊದಿಸಿದ್ದರು. ಅವನಿಗೆ ದಾಟುವ ಉದ್ದೇಶವೇ ಇರಲಿಲ್ಲ, ಕೈ ಹಿಡಿದು ದಾಟಿಸಿದ್ದೂ ಅವರೇ. ಚೌಕಾಬಾರದಲ್ಲಿ ಬೀದಿಗೆ ಬೀದಿಯನ್ನೇ ಸೋಲಿಸುತ್ತಿದ್ದವನಿಗೆ ಈಗ ಕವಡೆ ಹೇಗೆ ಬಿದ್ದರೂ ಎದುರುಮನೆ ನಾರಪ್ಪ “ನಿಂದೇ ಕಣ್ಲಾ ಗೆಲುವು” ಅನ್ನುತ್ತಿದ್ದ. ಹದಿನಾಲ್ಕು ವರ್ಷದಿಂದ ಅವನನ್ನು ಒಬ್ಬರೂ ನಿಯತ್ತಾಗಿ ಸೋಲಿಸಿರಲಿಲ್ಲ.

ವಾಣಿಶ್ರೀಗೆ ಬೇಕಾಗಿದ್ದು ಒಂದೇ ಮಾತು. ಅವನು ‘ಚೆನ್ನಾಗಿದೆ’ ಎಂದರೆ ಆಟ ಅವನ ಫೋಟೊ ಸಮೇತ ಕಾಲೇಜಿನ ಪ್ರದರ್ಶನಕ್ಕೆ.

“ಲೋಟದ ಫೋಟೊ ಹಾಕ್ಕೊ. ಗೆದ್ದಿದ್ದು ಅದೇ.”

ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತ ಕೂತಿದ್ದ ಹೆಂಡತಿ ಆದಿಲಕ್ಷ್ಮಿ ನಕ್ಕುಬಿಟ್ಟಳು. “ಇಲ್ಲಿ ಬಾ ತಾಯಿ. ಕಣ್ಮುಚ್ಚಿ ಹಾಸಿನ ಎಳೆಗಳ ಮ್ಯಾಲೆ ಕೈಯಾಡ್ಸು. ಎಳೆ ಒಂದು ಕಡ್ದೈತೆ, ಹುಡುಕು.”

ಹತ್ತು ನಿಮಿಷ ತಡಕಿದರೂ ವಾಣಿಶ್ರೀಗೆ ಸಿಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಸಿಗ್ಲಿಲ್ಲ ಅಂದ್ರೆ ಏನಾಗುತ್ತೆ ಆಂಟಿ?”

“ಸೀರೆ ಉದ್ದಕ್ಕೂ ಗೀರು ಬತ್ತದೆ. ಬಿಚ್ಚಿ ನೇಯೋದು, ಇನ್ನೇನು?”

ವಾಣಿಶ್ರೀ ಲ್ಯಾಪ್‌ಟಾಪಿನ ಮುಂದೆ ಕೂತಳು. ಆಟದಿಂದ ತಾನೇ ಕೂಡುವ ಎಳೆ ಹೋಯಿತು, ಚಪ್ಪಾಳೆ ಹೋಯಿತು. ಮೂರು ಎಳೆ ತಪ್ಪಿದರೆ ಮಗ್ಗವೇ ನಿಲ್ಲಬೇಕು.

ತಿರುಮಲೇಶ ಈ ಸಲ ಫೋನನ್ನು ಕೈಗೆತ್ತಿಕೊಂಡ. ಮೊದಲ ಎಳೆ ಹಿಡಿದ, ಎರಡನೆಯದೂ ಹಿಡಿದ. ವೇಗ ಏರಿತು. ಬಲಗಡೆ ಟಕ್, ಎಡಗಡೆ ಟಕ್, ಮತ್ತೆ ಎಡಗಡೆ… ಮಗ್ಗ ನಿಂತಿತು. ಫೋನು ಯಾವ ದಾಕ್ಷಿಣ್ಯವೂ ಇಲ್ಲದೆ ಹೇಳಿತು: ಸೋತಿರಿ.

“ಸಾರಿ ಅಂಕಲ್, ಈಸಿ ಮಾಡ್ಲಾ?”

“ಮುಟ್ಟಿದ್ರೆ ನೋಡು!” ಅವನ ಮುಖ ಅರಳಿಹೋಗಿತ್ತು. “ಲೇ ನಾರಪ್ಪ, ಬಾರ್ಲಾ ಇಲ್ಲಿ! ಸೋತ್ಬುಟ್ಟೆ ಕಣ್ಲಾ!”

ನಾರಪ್ಪ ಓಡಿಬಂದು ತಾನೂ ಆಡಿದ. ಎರಡೂ ಕಣ್ಣಿದ್ದು ಅರ್ಧ ನಿಮಿಷಕ್ಕೆ ಮಗ್ಗ ನಿಲ್ಲಿಸಿ, ಫೋನೇ ಕೆಟ್ಟಿದೆ ಎಂದು ವಾದಕ್ಕೆ ನಿಂತ.

“ಚೆನ್ನಾಗಿದೆ ಅಂತ ಬರ್ಕೊಳ್ಲಾ ಅಂಕಲ್?”

“ನಾನು ಗೆದ್ದ ಮ್ಯಾಲೆ ಕಣಮ್ಮ. ಬರೋ ಭಾನುವಾರ ಮೊದ್ಲ ಬಸ್ಸಿಗೇ ಬಂದ್ಬುಡು. ಬರ್ತಾ ಇನ್ನೊಂಚೂರು ಕಷ್ಟ ಮಾಡ್ಕೊಂಡು ಬಾ.”