ರಾಂಪುರದ ಮನೆಗೆ ವೈಫೈ ಹಾಕಿದ ದಿನ

ದೆವ್ವ, ಗಾಳಿ, ಸೂಚನೆ ಎಂಬ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ನನ್ನ ಕಸುಬೇ ಅಂಥದ್ದು. ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮನೆಗಳಿಗೆ, ಎಣ್ಣೆ ಮಿಲ್ಲುಗಳ ಆಫೀಸುಗಳಿಗೆ ಇಂಟರ್ನೆಟ್ ಹಾಕಿಕೊಡುತ್ತೇನೆ. ಕಣ್ಣಿಗೆ ಕಾಣದ್ದು ಗಾಳಿಯಲ್ಲಿ ಓಡಾಡುತ್ತದೆ ಎಂಬುದು ನನಗೆ ದಿನದ ಮಾತು. ಆದರೆ ಅದು ಎಲ್ಲಿಂದ ಹೊರಟಿತು, ಯಾವ ಗೋಡೆಗೆ ಸೋತಿತು ಎಂದು ಅಳೆದು ಹೇಳಬಹುದು. ಅಳತೆಗೆ ಸಿಗದ್ದನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದಿನ ಮಾತು. ರಾಂಪುರದ ಹತ್ತಿರದ ಒಂದು ಮನೆಯಿಂದ ಸುಮಾ ಎಂಬ ಹೆಣ್ಣುಮಗಳು ಫೋನ್ ಮಾಡಿದರು. ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದಕ್ಕೆ ನಾನು ಮಾಡಿದ ಕೆಲಸ ನೋಡಿ ನನ್ನ ನಂಬರ್ ತೆಗೆದುಕೊಂಡಿದ್ದರಂತೆ. ಅವರು ಆ ಮನೆಯ ಸೊಸೆ, ಮನೆಯಿಂದಲೇ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. "ಅಣ್ಣಾ, ನಮ್ಮನೇಲಿ ನೆಟ್ ಐತೆ, ಆದ್ರೆ ಪಡಸಾಲೆ ಬಿಟ್ಟು ಒಳಗೆ ಬರಲ್ಲ. ಮಾಳಿಗೆ ಮೇಲೆ ಕೂತು ಪಾಠ ಮಾಡೋಕೆ ಹೋದ್ರೆ ನನ್ನ ಮುಖ ಅರ್ಧಕ್ಕೆ ನಿಂತೋಗುತ್ತೆ" ಎಂದರು.

ತಳಕು ದಾಟಿ ರಾಂಪುರ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮನೆ ನೋಡಿದ ಕೂಡಲೇ ಕಾರಣ ತಿಳಿಯಿತು. ಮೂವರು ಅಣ್ಣತಮ್ಮಂದಿರು ಕೂಡಿ ಬಾಳುವ ಮನೆ. ಮುಂದೆ ಪಡಸಾಲೆ, ಅದರ ಮೇಲೆ ಹೊಸದಾಗಿ ಕಟ್ಟಿದ ಮಾಳಿಗೆ, ನಡುವೆ ಕತ್ತಲೆಯ ನಡುಮನೆ, ಆಮೇಲೆ ಅಡುಗೆ ಮನೆ, ಅದರ ಹಿಂದೆ ಹಿತ್ತಲು. ಹಿತ್ತಲಿನ ಆಚೆ ಬದಿಗೆ ಶೇಂಗಾ ಚೀಲ ಪೇರಿಸಿಡುವ ಉದ್ದನೆಯ ಗೋದಾಮು. ಹಳೆಯ ಗೋಡೆಗಳೆಲ್ಲ ಕಲ್ಲು ಮಣ್ಣಿನವು, ತೋಳುದ್ದ ದಪ್ಪ. ಒಂದು ರೂಟರಿನ ಕೈಲಿ ಅಲ್ಲಿ ಏನೂ ಆಗುವಂತಿರಲಿಲ್ಲ.

ಮನೆಯಲ್ಲಿ ಅವತ್ತು ಹೆಚ್ಚು ಜನರಿರಲಿಲ್ಲ. ಸುಮಾ, ಅವರ ಮಾವ ಶಿವಣ್ಣನವರು, ಹಿತ್ತಲಿನಲ್ಲಿ ಮೇಕೆಗಳನ್ನು ನೋಡಿಕೊಳ್ಳುವ ಓಬಯ್ಯ, ಇಷ್ಟೇ. ಉಳಿದವರು ಬಳ್ಳಾರಿಗೆ ಒಂದು ಮದುವೆಗೆ ಹೋಗಿದ್ದರು. ಸುಮಾ ಚಹ ತಂದುಕೊಟ್ಟು, "ನಮ್ಮ ದೊಡ್ಡತ್ತೆ ಇದ್ದಿದ್ರೆ ಬರೀ ಚಾ ಕೊಡೋಕೆ ಬಿಡ್ತಿರಲಿಲ್ಲ. ಬೆಳಿಗ್ಗೆ ದೇವಸಮುದ್ರಕ್ಕೆ ತೊಟ್ಟಿಲು ಶಾಸ್ತ್ರಕ್ಕೆ ಹೋದ್ರು" ಎಂದರು. ದೊಡ್ಡತ್ತೆ ಎಂದರೆ ಶಿವಣ್ಣನವರ ಅಕ್ಕ ಗೌರಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. ಅವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೆಲಸ ಸಲೀಸಾಗಿ ನಡೆಯಿತು. ಪಡಸಾಲೆಯಲ್ಲಿ ಮುಖ್ಯ ರೂಟರ್ ಇಟ್ಟು, ಅದರ ಸಿಗ್ನಲನ್ನು ಕೈಯಿಂದ ಕೈಗೆ ದಾಟಿಸುವ ಸಣ್ಣ ಡಬ್ಬಿಗಳನ್ನು ಮಾಳಿಗೆಯಲ್ಲಿ, ಅಡುಗೆ ಮನೆಯಲ್ಲಿ, ಹಿತ್ತಲಿನ ಜಗಲಿಯಲ್ಲಿ ಕೂರಿಸಿದೆ. ಹಿತ್ತಲಿಗೆ ಬೇಡವೆಂದುಕೊಂಡಿದ್ದೆ. ಶಿವಣ್ಣನವರು, "ಸಂಜೆ ನಾನು ಅಲ್ಲೇ ಕೂರೋದು, ಅಲ್ಲಿಗೂ ಒಂದು ಇಡಪ್ಪ" ಎಂದಿದ್ದರಿಂದ ಇಟ್ಟೆ. ಯಾವ ಮೊಬೈಲು ಯಾವ ಡಬ್ಬಿಗೆ ಅಂಟಿಕೊಂಡಿದೆ, ಎಷ್ಟು ಹತ್ತಿರದಲ್ಲಿದೆ ಎಂಬುದೆಲ್ಲ ನನ್ನ ಫೋನಿನಲ್ಲಿ ಕಾಣುತ್ತದೆ. ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು, ಗೋಡೆಗೆ ಹೊಡೆಯಬೇಕಿದ್ದ ಹಳದಿ ವಯರಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಹೆಸರು, ಹೊಸ ಪಾಸ್‌ವರ್ಡ್ ಹಾಕಿದೆ. ಪಾಸ್‌ವರ್ಡ್ ನನ್ನ ಮನಸ್ಸಿನಲ್ಲೇ ಇತ್ತು. ಯಾರಿಗೂ ಇನ್ನೂ ಹೇಳಿರಲಿಲ್ಲ.

ನನ್ನ ಫೋನ್ ಒಂದೇ ಕಾಣಬೇಕಾದ ಜಾಗದಲ್ಲಿ ಎರಡು ಕಂಡವು. ಎರಡನೆಯದಕ್ಕೆ ಹೆಸರಿರಲಿಲ್ಲ. ಬರೀ ಅಂಕಿ ಅಕ್ಷರಗಳ ಒಂದು ಸಾಲು. ಅದು ಪಡಸಾಲೆಯಲ್ಲಿತ್ತು. ಕತ್ತೆತ್ತಿ ನೋಡಿದೆ. ಪಡಸಾಲೆ ಖಾಲಿ ಇತ್ತು.

"ಮೇಡಂ, ಯಾರಾದ್ರೂ ಹೊಸ ವೈಫೈಗೆ ಸೇರ್ಕೊಂಡ್ರಾ?" ಎಂದು ಮೇಲಕ್ಕೆ ಕೂಗಿದೆ.

"ಇಲ್ಲಣ್ಣ. ನೀವು ಪಾಸ್‌ವರ್ಡೇ ಹೇಳಿಲ್ಲವಲ್ಲ" ಎಂದು ಸುಮಾ ಮಾಳಿಗೆಯಿಂದ ಉತ್ತರ ಕೊಟ್ಟರು.

ಏನೋ ಗೊಂದಲವಿರಬೇಕೆಂದು ಅದನ್ನು ಬ್ಲಾಕ್ ಮಾಡಿದೆ. ಹೋಯಿತು. ಫೋನ್ ಜೇಬಿಗೆ ಇಡುವಷ್ಟರಲ್ಲಿ ಮತ್ತೆ ಬಂತು. ಅದೇ ಅಂಕಿ, ಅದೇ ಅಕ್ಷರ. ಈ ಸಲ ಮಾಳಿಗೆಯ ಡಬ್ಬಿಯಲ್ಲಿ. ಮಾಳಿಗೆಗೆ ಹೋಗಲು ಇದ್ದದ್ದು ನಾನು ಕುಳಿತಿದ್ದ ಮೆಟ್ಟಿಲು ಒಂದೇ. ನನ್ನನ್ನು ದಾಟಿ ಯಾರೂ ಹೋಗಿರಲಿಲ್ಲ. ಮತ್ತೆ ಬ್ಲಾಕ್ ಮಾಡಿ, ಪಾಸ್‌ವರ್ಡನ್ನೇ ಬದಲಾಯಿಸಿದೆ. ಹಳೆಯದಕ್ಕೆ ಸಂಬಂಧವೇ ಇಲ್ಲದ ಹೊಸದು. ಅದು ಅಡುಗೆ ಮನೆಯಲ್ಲಿ ಕಾಣಿಸಿಕೊಂಡಿತು.

ದೆವ್ವದ ಯೋಚನೆ ನನಗೆ ಬರಲಿಲ್ಲ, ಬಂದದ್ದು ಕಳ್ಳನ ಯೋಚನೆ. ಮನೆಯವರೆಲ್ಲ ಮದುವೆಗೆ ಹೋದದ್ದು ಊರಿಗೇ ಗೊತ್ತು. ಫೋನ್ ಹಿಡಿದ ಯಾರೋ ಒಬ್ಬ ಒಳಗೆ ಸೇರಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದಾನೆ ಎನಿಸಿತು. ಶಿವಣ್ಣನವರ ಬಳಿ ಹೋಗಿ ಮೆಲ್ಲಗೆ ಹೇಳಿದೆ. ಅವರು ಬಾಗಿಲ ಹಿಂದಿನ ಬಡಿಗೆ ತೆಗೆದುಕೊಂಡರು. ಸುಮಾ ಅವರನ್ನು ಕರೆಸಿ ಮುಂಬಾಗಿಲ ಬಳಿ ನಿಲ್ಲಿಸಿದರು. ನಾವಿಬ್ಬರೂ ನಡುಮನೆ ದಾಟಿ ಒಳಗೆ ಹೋದೆವು. ಅಡುಗೆ ಮನೆಯಲ್ಲಿ ಯಾರೂ ಇಲ್ಲ. ಸಾಮಾನಿನ ಕೋಣೆಯಲ್ಲೂ ಇಲ್ಲ. ನನ್ನ ಫೋನಿನಲ್ಲಿ ಅದು ಆಗಲೇ ಹಿತ್ತಲಿಗೆ ದಾಟಿತ್ತು.

"ಎಲ್ಲೈತೆ ಈಗ?" ಎಂದು ಶಿವಣ್ಣನವರು ಪಿಸುಗುಟ್ಟಿದರು.

"ಹಿತ್ತಲಲ್ಲಿ, ಯಜಮಾನ್ರೇ. ಅಲ್ಲೇ ನಿಂತಿದೆ."

ಹಿತ್ತಲಿನಲ್ಲಿ ಓಬಯ್ಯ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದ. ಅವನ ಬಳಿ ಫೋನೇ ಇರಲಿಲ್ಲ. ಹೊಸಬರು ಯಾರಾದರೂ ಬಂದರಾ ಎಂದು ಕೇಳಿದ್ದಕ್ಕೆ, "ಎವರೂ ರಾಲೇದು ಸಾಮಿ, ಯಾರೂ ಬಂದಿಲ್ಲ" ಎಂದು ತೆಲುಗು ಕನ್ನಡ ಎರಡರಲ್ಲೂ ಹೇಳಿದ. ಹಿತ್ತಲ ಬಾಗಿಲು ಒಳಗಿನಿಂದಲೇ ಹಾಕಿತ್ತು. ಹೊತ್ತು ಇಳಿಯುತ್ತಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಜಗಲಿಯ ಡಬ್ಬಿಗೆ ಉದ್ದನೆಯ ಎಕ್ಸ್‌ಟೆನ್ಶನ್ ವಯರ್ ಸಿಕ್ಕಿಸಿ ಅದನ್ನು ಕೈಯಲ್ಲಿ ಹಿಡಿದು ನಡೆದೆ. ಡಬ್ಬಿ ಆ ಮೊಬೈಲಿಗೆ ಹತ್ತಿರವಾದರೆ ಸಿಗ್ನಲ್ ಏರಬೇಕು, ದೂರವಾದರೆ ಇಳಿಯಬೇಕು. ಮೇಕೆಗಳ ಕಡೆ ಹೋದೆ, ಇಳಿಯಿತು. ಬಾಗಿಲ ಕಡೆ ಹೋದೆ, ಇನ್ನೂ ಇಳಿಯಿತು. ಗೋದಾಮಿನ ಕಡೆ ತಿರುಗಿದೆ. ಏರಿತು. ಹೆಜ್ಜೆ ಹೆಜ್ಜೆಗೂ ಏರಿತು.

ಗೋದಾಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. "ಇದನ್ನ ಯಾರು ಹಾಕಿದ್ರು?" ಎಂದು ಶಿವಣ್ಣನವರು ಕೇಳಿದರು.

"ನಾನೇ. ಬೆಳಿಗ್ಗೆ ಬಾಗ್ಲು ತೆರ್ಕೊಂಡಿತ್ತು. ಮೇಕೆ ನುಗ್ತಾವಂತ ಹಾಕ್ದೆ" ಎಂದ ಓಬಯ್ಯ.

ಹೊರಗಿನಿಂದ ಚಿಲಕ ಹಾಕಿದ ಕೋಣೆಯೊಳಗೆ ಕಳ್ಳ ಹೇಗೆ ಹೋದ ಎಂದು ನಾವು ಮುಖ ಮುಖ ನೋಡಿಕೊಂಡೆವು. ಶಿವಣ್ಣನವರು ಬಡಿಗೆ ಎತ್ತಿ ಹಿಡಿದು ನಿಂತರು. ನಾನು ಚಿಲಕ ತೆಗೆದೆ. ಒಳಗೆ ಶೇಂಗಾದ ಧೂಳಿನ ವಾಸನೆ, ಸೆಕೆ, ಕತ್ತಲೆ. ಫೋನಿನ ಟಾರ್ಚ್ ಹಾಕಿದೆ. ಆಳೆತ್ತರಕ್ಕೂ ಮೀರಿ ಪೇರಿಸಿದ್ದ ಚೀಲಗಳ ಒಂದು ಸಾಲು ಕುಸಿದು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಯಾರ ಸುಳಿವೂ ಇಲ್ಲ, ಸದ್ದೂ ಇಲ್ಲ. ಡಬ್ಬಿಯನ್ನು ಆ ಗುಡ್ಡೆಯ ಕಡೆ ಚಾಚಿದೆ. ಸಿಗ್ನಲ್ ತುಂಬಿ ನಿಂತಿತು. ಅಂದರೆ ಅದು ನನ್ನಿಂದ ಮೊಳ ದೂರದಲ್ಲಿರಬೇಕು.

"ಈ ಚೀಲದ ಒಳಗೆ ಐತೆ" ಎಂದೆ.

ಅಷ್ಟರಲ್ಲಿ ತಡೆಯಲಾರದೆ ಸುಮಾ ಹಿಂದೆಯೇ ಬಂದು ನಿಂತಿದ್ದರು. ಅವರ ಕಣ್ಣು ನೆಲದ ಮೇಲಿತ್ತು. ಚೀಲಗಳ ಅಡಿಯಿಂದ ಸೀರೆಯ ಹಸಿರು ಅಂಚು ಎರಡು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು.

"ಮಾವ, ಇದು ದೊಡ್ಡತ್ತೇದು. ಬೆಳಿಗ್ಗೆ ಇದನ್ನೇ ಉಟ್ಟಿದ್ರು" ಎಂದರು ಸುಮಾ.

ಶಿವಣ್ಣನವರ ಕೈಯಿಂದ ಬಡಿಗೆ ಬಿತ್ತು. ಆಮೇಲೆ ನಾವು ನಾಲ್ಕೂ ಜನ ಏನು ಮಾಡಿದೆವೆಂಬುದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಚೀಲಗಳನ್ನು ಎಳೆದೆವು, ಉರುಳಿಸಿದೆವು. "ಅಕ್ಕಾ, ಅಕ್ಕಾ" ಎಂದು ಶಿವಣ್ಣನವರು ಮಗುವಿನಂತೆ ಕರೆಯುತ್ತಿದ್ದರು. ಗೋಡೆಗೆ ಒರಗಿ ಬಿದ್ದ ಎರಡು ಚೀಲಗಳ ನಡುವೆ ಸಣ್ಣ ಸಂದು ಉಳಿದಿತ್ತು. ಗೌರಮ್ಮನವರ ಮುಖ ಅಲ್ಲಿತ್ತು. ತುಟಿ ಒಣಗಿ ಬಿರಿದಿತ್ತು. ಪ್ರಜ್ಞೆ ಇರಲಿಲ್ಲ. ಸುಮಾ ಮೂಗಿನ ಬಳಿ ಬೆರಳಿಟ್ಟು, "ಉಸಿರೈತೆ" ಎಂದರು.

ನನ್ನ ವ್ಯಾನಿನಲ್ಲೇ ಬಳ್ಳಾರಿಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಶಿವಣ್ಣನವರು ಅಕ್ಕನ ಪಾದ ತಿಕ್ಕುತ್ತಲೇ ಇದ್ದರು. ಕಾಲಿನ ಮೂಳೆ ಮುರಿದಿತ್ತು, ಮೈಯೆಲ್ಲ ನೀರಿಲ್ಲದೆ ಬತ್ತಿತ್ತು. ಬೆಳಗಿನವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ, ಬಾಣಂತಿಯ ಮನೆಗೆ ಬರಿಗೈಲಿ ಹೋಗಬಾರದೆಂದು ಒಂದಿಷ್ಟು ಶೇಂಗಾ ತರಲು ಗೋದಾಮಿಗೆ ಹೋಗಿದ್ದರಂತೆ. ಆಕೆ ದೇವಸಮುದ್ರದಲ್ಲಿ ಇದ್ದಾರೆಂದು ಮನೆಯವರೂ, ಬರಲಿಲ್ಲವೇನೋ ಎಂದು ದೇವಸಮುದ್ರದವರೂ ಸುಮ್ಮನಿದ್ದರು.

ಆ ಗಡಿಬಿಡಿಯಲ್ಲಿ ಮರೆತಿದ್ದ ಪ್ರಶ್ನೆ ಮರುದಿನ ತಲೆಯೆತ್ತಿತು. ಆ ಮೊಬೈಲು ಎಲ್ಲಿ? ಗೌರಮ್ಮ ಮೊಬೈಲು ಇಟ್ಟುಕೊಂಡವರೇ ಅಲ್ಲ. ಶಿವಣ್ಣನವರು ಆಳು ಕರೆಸಿ ಇಡೀ ಗೋದಾಮು ಖಾಲಿ ಮಾಡಿಸಿದರು. ಬಿದ್ದ ಚೀಲಗಳನ್ನು ಬಿಚ್ಚಿ ಸುರಿಸಿದರು. ಏನೂ ಸಿಗಲಿಲ್ಲ. ನನ್ನ ಫೋನಿನಲ್ಲಿಯೂ ಆ ಅಂಕಿ ಅಕ್ಷರಗಳ ಸಾಲು ಆಮೇಲೆ ಎಂದೂ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ನಾನು ಏನಾದರೊಂದು ಸಮಾಧಾನ ಹುಡುಕಿಕೊಳ್ಳುತ್ತಿದ್ದೆನೇನೋ. ಗೌರಮ್ಮನವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ನೋಡಲು ಹೋಗಿದ್ದೆ. ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ನನ್ನನ್ನು ಕಂಡವರೇ, ಯಾರೂ ಪರಿಚಯ ಹೇಳುವ ಮೊದಲೇ, "ಮೆಟ್ಲ ಮೇಲೆ ಕೂತಿದ್ದೋನು ನೀನೇ ಅಲ್ವೇನಪ್ಪಾ? ತೊಡೆ ಮೇಲೆ ಹಳದಿ ವಯರು ಸುತ್ತಿ ಇಟ್ಕೊಂಡಿದ್ದೆ" ಎಂದರು.

ಗೋಡೆಗೆ ಹೊಡೆಯುವ ಮೊದಲೇ ಗಡಿಬಿಡಿಯಾಗಿ, ಆ ವಯರು ಅವತ್ತು ನನ್ನ ಜೊತೆಗೇ ವಾಪಸ್ಸು ಬಂದಿತ್ತು. ಅದು ನನ್ನ ತೊಡೆಯ ಮೇಲಿದ್ದಾಗ ಅವರು ಚೀಲಗಳ ಅಡಿಯಲ್ಲಿದ್ದರು.

"ಕನಸೋ ಏನೋ ಗೊತ್ತಿಲ್ಲ" ಎಂದು ಅವರು ನಿಧಾನವಾಗಿ ಹೇಳಿದರು. "ಮನೆ ತುಂಬಾ ಓಡಾಡ್ತಿದ್ದೆ. ಪಡಸಾಲೆಗೆ ಬಂದೆ, ನೀನು ಕೈಲಿರೋದನ್ನ ನೋಡ್ತಿದ್ದೆ, ನನ್ನ ನೋಡಲಿಲ್ಲ. ಮೇಲೆ ಹೋದ್ರೆ ಸುಮಾ ಜಡೆ ಬಿಚ್ಕೊಂಡು ಬಾಚ್ಕೊಂತಿದ್ಲು. ಕರೆದೆ, ತಿರುಗಲಿಲ್ಲ. ಅಡುಗೆ ಮನೆಗೆ ಬಂದೆ, ಅಲ್ಲಿ ಯಾರೂ ಇರಲಿಲ್ಲ. ಒಂದೇ ಬ್ಯಾಸರ. ಒಳಗೆ ಬಂದಾಗೆಲ್ಲ ಯಾರೋ ಹೊರಗೆ ದಬ್ಬಿದಂಗಾಗ್ತಿತ್ತು. ನಮ್ಮನೇಲೇ ನನ್ನ ಯಾರಪ್ಪಾ ದಬ್ತಾರೆ ಅಂತ ಅಳು ಬಂತು."

ಬಾಗಿಲಲ್ಲಿ ನಿಂತಿದ್ದ ಸುಮಾ ಅವರ ಕೈ ತಮ್ಮ ಜಡೆಯ ಮೇಲೆ ಹೋದದ್ದನ್ನು ನೋಡಿದೆ. ಬ್ಲಾಕ್ ಮಾಡಿದ ಮಾತನ್ನು ನಾನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಕಸುಬಿನ ಒಂದಿಬ್ಬರು ಗೆಳೆಯರಿಗೆ ಇದನ್ನು ಹೇಳಿದ್ದೇನೆ. ಒಬ್ಬ, ಡಬ್ಬಿಯ ಸಾಫ್ಟ್‌ವೇರಿನ ದೋಷ, ಇಲ್ಲದ್ದನ್ನು ತೋರಿಸಿದೆ ಎಂದ. ಇನ್ನೊಬ್ಬ, ಅರೆಪ್ರಜ್ಞೆಯಲ್ಲಿದ್ದವರು ನಿಮ್ಮ ಮಾತು ಕೇಳಿಸಿಕೊಂಡಿರಬೇಕು ಎಂದ. ತೋಳುದ್ದ ದಪ್ಪದ ಗೋಡೆಗಳಾಚೆ ಮೆಟ್ಟಿಲ ಮೇಲಿನ ಮಾತು ಕೇಳುವುದಿಲ್ಲ. ಕೇಳಿದರೂ ವಯರಿನ ಬಣ್ಣ ಕಿವಿಗೆ ತಿಳಿಯುವುದಿಲ್ಲ. ದೋಷವೇ ಇರಲಿ ಎಂದುಕೊಂಡರೆ, ಆ ದೋಷ ಒಂದೊಂದೇ ಕೋಣೆ ದಾಟಿ, ಸರಿಯಾಗಿ ಆ ಗುಡ್ಡೆಯ ಮುಂದೆ ಬಂದು ನಿಂತದ್ದೇಕೆ? ಬೇರೆ ಬೇರೆ ಕಾರಣಗಳು ಬೇರೆ ಬೇರೆ ತುಣುಕುಗಳಿಗೆ ಹೊಂದುತ್ತವೆ. ಎಲ್ಲಕ್ಕೂ ಹೊಂದುವ ಒಂದು ಕಾರಣ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಈಗಲೂ ಮನೆ ಮನೆಗೆ ವೈಫೈ ಹಾಕುತ್ತೇನೆ. ಒಮ್ಮೊಮ್ಮೆ ಹೆಸರಿಲ್ಲದ ಮೊಬೈಲುಗಳು ಬಂದು ಸೇರಿಕೊಳ್ಳುತ್ತವೆ. ಹೆಚ್ಚಿನವು ಪಕ್ಕದ ಮನೆಯವರವು, ಹುಡುಕಿದರೆ ತಿಳಿಯುತ್ತದೆ. ಆದರೂ ಬ್ಲಾಕ್ ಒತ್ತುವ ಮುಂಚೆ ಬೆರಳು ತಡೆಯುತ್ತದೆ. "ಮನೆಯವರೆಲ್ಲ ಎಲ್ಲೆಲ್ಲಿದ್ದಾರೆ, ಒಂದ್ಸಲ ಕರೆದು ನೋಡ್ತೀರಾ?" ಎಂದು ಕೇಳುತ್ತೇನೆ. ಏಕೆಂದು ಅವರು ಕೇಳಿದರೆ, ಸಿಗ್ನಲ್ ಪರೀಕ್ಷೆಗೆ ಎನ್ನುತ್ತೇನೆ.