ಶರಣಮ್ಮನ ಕಿವಿ, ನನ್ನ ಹೆಗಲು

ಒಬ್ಬರ ನೋವು ಇನ್ನೊಬ್ಬರ ಮೈಗೆ ದಾಟುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು. ದೃಷ್ಟಿ, ತಾಯಿತ ಯಾವುದನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ತೆಲುಗು ಸೀಮೆಯ ಮಣಿಕೊಂಡದ ಫ್ಲಾಟಿನಲ್ಲಿ ಒಬ್ಬಳೇ ಇದ್ದೆ. ಅವರು ಹೋದ ವಾರದಿಂದ ನನ್ನ ಬಲ ಹೆಗಲು ಹಿಡಿದುಕೊಂಡಿತ್ತು, ಕೈ ಮೇಲಕ್ಕೇಳುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮಾತ್ರೆ, ಶಾಖ, ವ್ಯಾಯಾಮ ಎಲ್ಲ ಆಯಿತು. ತಲೆ ಬಾಚಿಕೊಳ್ಳಲಾಗದೆ ಕೂದಲನ್ನೇ ಕತ್ತರಿಸಿಬಿಡೋಣ ಅಂದುಕೊಂಡಿದ್ದೆ.

ಮೆಟ್ಟಿಲು ಗುಡಿಸಲು ಹೊಸದಾಗಿ ಬಂದ ಹೆಂಗಸು ಒಂದು ದಿನ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ನೀರು ಕೇಳಿದಳು. ಏನೋ ಯೋಚನೆಯಲ್ಲಿದ್ದ ನಾನು “ಒಳಗ ಬಾ” ಅಂದುಬಿಟ್ಟೆ.

“ಅಯ್ಯ, ನಮ್ಮ ಮಾತು ಆಡ್ತೀರಲ್ರಿ ಅಕ್ಕಾರ!” ಎಂದು ಅವಳ ಮುಖ ಅರಳಿತು.

ಯಾದಗಿರಿ ಕಡೆಯ ಶರಣಮ್ಮ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಹತ್ತಿರದ ಕೊಂಡಾಪುರದ ಕಟ್ಟಡವೊಂದರಲ್ಲಿ ಕೂಲಿಗಿದ್ದರಂತೆ. ಅವಳು ಕೆಳಗೆ ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಜಲ್ಲಿ ಸುರಿಯುತ್ತಿದ್ದಾಗಲೇ ಗಂಡ ಮೇಲಿನಿಂದ ಬಿದ್ದು ಸತ್ತ. ಅಂದಿನಿಂದ ಯಂತ್ರದ ಸದ್ದು ಅವಳ ಕಿವಿ ಬಿಟ್ಟಿರಲಿಲ್ಲ. “ಉಣ್ಣಾಕ ಕುಂತ್ರೂ ಗಡಗಡ ಅಂತೈತ್ರಿ, ಮಕ್ಕೊಂಡ್ರೂ ಗಡಗಡ ಅಂತೈತ್ರಿ” ಅನ್ನುತ್ತಿದ್ದಳು.

ಆಮೇಲೆ ಮಧ್ಯಾಹ್ನವೆಲ್ಲ ನಮ್ಮದೇ. ಅವಳು ರೊಟ್ಟಿ ತರುವಳು, ನಾನು ಚಹಾ ಮಾಡುವೆ. ಅವಳು ನನ್ನ ತಲೆ ಬಾಚುವಳು. ಮನೆಯಲ್ಲಿ ಮತ್ತೆ ಕನ್ನಡ ಕೇಳುತ್ತಿತ್ತು. ದುಃಖದ ದಿನಗಳಾಗಿದ್ದರೂ ಅವು ಈಗಲೂ ನೆನಪಾದರೆ ಮನಸ್ಸು ಬೆಚ್ಚಗಾಗುತ್ತದೆ.

ಅದೊಂದು ಭಾನುವಾರ. ಅವಳು ನನ್ನ ಹೆಗಲಿಗೆ ಎಣ್ಣೆ ತಿಕ್ಕಿದಳು. ನಾನೂ ಅವಳಿಗೆ ಏನಾದರೂ ಮಾಡಬೇಕೆನಿಸಿ, ನನ್ನ ಎಡ ಅಂಗೈ ಬಿಸಿ ಮಾಡಿ ಅವಳ ಕಿವಿಯ ಮೇಲಿಟ್ಟೆ. ಹಾಗೇ ಚಾಪೆಯ ಮೇಲೆ ಇಬ್ಬರಿಗೂ ನಿದ್ದೆ ಹತ್ತಿತು.

ಎಚ್ಚರವಾದದ್ದು ಗಡಗಡ ಸದ್ದಿಗೆ. ಬಾಲ್ಕನಿಗೆ ಹೋಗಿ ನೋಡಿದೆ. ಸುತ್ತ ಎಲ್ಲೂ ಕೆಲಸ ನಡೆದಿರಲಿಲ್ಲ. ಕಿವಿ ಮುಚ್ಚಿಕೊಂಡರೆ ಸದ್ದು ಇನ್ನೂ ಜೋರಾಯಿತು. ಕಿವಿ ಮುಚ್ಚಲು ನನ್ನ ಎರಡೂ ಕೈ ಮೇಲೆದ್ದಿದ್ದವು ಎಂಬುದು ಆಮೇಲೆ ಗಮನಕ್ಕೆ ಬಂತು.

ಒಳಗೆ ಶರಣಮ್ಮ ತುರುಬು ಕಟ್ಟಿಕೊಳ್ಳಲು ಹೆಣಗುತ್ತಿದ್ದಳು. “ಅಕ್ಕಾರ, ಕೈ ಏಳವಲ್ದು” ಎಂದಳು. ಬಲಗೈ. ನನ್ನ ಕಿವಿಯ ಗಡಗಡದ ಮಾತು ಹೇಳುತ್ತ ನಾನೇ ಅವಳ ತುರುಬು ಕಟ್ಟಿದೆ.

ಮೂರು ದಿನ ಹಾಗೇ ಕಳೆಯಿತು. ನಾಲ್ಕನೆಯ ದಿನ ಎದ್ದಾಗ ನನ್ನ ಕಿವಿ ಶಾಂತ. ಅವಳು ಬಂದಾಗ ಅವಳ ಕೈಯೂ ಸರಾಗ. ಅವಳ ಸದ್ದು ಅವಳಿಗೆ ಮರಳಿರಲಿಲ್ಲ. ನನ್ನ ಹೆಗಲು ಮತ್ತೆ ಹಿಡಿದುಕೊಳ್ಳಲಿಲ್ಲ.

ಚಹಾ ಕುಡಿಯುತ್ತ ಅವಳು ಹೇಳಿದಳು: “ಮೂರು ದಿನ ಯಾರೋ ಈ ಹೆಗಲ ಹಿಡಕೊಂಡು ನಿಂತಂಗ ಇತ್ರಿ. ಭಾಳ ಭಾರ. ಆದ್ರ ಕೈ ತಗೀ ಅನ್ನಾಕ ಮನಸಾಗಲಿಲ್ಲ.”

ಯಜಮಾನರು ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಿಂದ ಬಾಲ್ಕನಿಗೆ ಬರುತ್ತಿದ್ದದ್ದು ನನ್ನ ಬಲ ಹೆಗಲು ಹಿಡಿದೇ. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಲೋಟ ಕೆಳಗಿಟ್ಟು ಅವಳೇ ಕೇಳಿದಳು: “ಬೀಳುವಾಗ ಅಂವ ನನ್ನ ಕೂಗಿದ್ನಂತ ಮಂದಿ ಅಂತಾರ್ರಿ. ನನಗ ಕೇಳಲಿಲ್ಲ. ಆ ಗಡಗಡದಾಗ ಅಂವನ ದನಿ ಸಿಗತೈತೇನಂತ ದಿನಾ ಕಿವಿಗೊಟ್ಟೆ. ನಿಮಗರೆ ಕೇಳಿಸ್ತೇನ್ರಿ?”

ಹೌದು ಅನ್ನಬಹುದಿತ್ತು. ಬಾಯಿ ಬರಲಿಲ್ಲ. “ಇಲ್ಲ ಶರಣಮ್ಮ, ಬರೀ ಯಂತ್ರ” ಅಂದೆ.

ಅವಳು ಎರಡೂ ಲೋಟ ಕೈಗೆತ್ತಿಕೊಂಡಳು. ಆಮೇಲೆ, “ಹೋಗ್ಲಿ ಬಿಡ್ರಿ, ಮೂರು ದಿನ ನನ್ನ ಬದಲಿ ನೀವು ಕಿವಿಗೊಟ್ರಲ್ಲ” ಎಂದು ಲೋಟ ತೊಳೆಯಲು ಎದ್ದಳು.

ಮರುವರ್ಷ ಅವಳು ಊರಿಗೆ ಹೋದಳು. ಆ ಮೇಲೆ ಸುದ್ದಿಯಿಲ್ಲ. ಬಿಗಿದ ಹೆಗಲು ತಾನಾಗಿ ಸಡಿಲವಾಗುವುದುಂಟು ಎಂದರು ಡಾಕ್ಟರು. ಅವರು ಹೆಗಲು ಹಿಡಿಯುತ್ತಿದ್ದದ್ದನ್ನು ನೀನೇ ಯಾವಾಗಲೋ ಅವಳಿಗೆ ಹೇಳಿ ಮರೆತಿರುತ್ತೀ ಅಂದಳು ನನ್ನ ತಂಗಿ. ಇದ್ದರೂ ಇರಬಹುದು, ನಾನು ವಾದಿಸುವುದಿಲ್ಲ. ಆದರೆ ಆ ಮೂರು ದಿನ ಶರಣಮ್ಮನ ಹೆಗಲು ಹಿಡಿದು ನಿಂತವರು ಯಾರು, ಅವರು ಎಲ್ಲಿಗೆ ನಡೆಯಬೇಕೆಂದಿದ್ದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.